ಗುರುದತ್ ಪಡುಕೋಣೆ: ಹೊರನಾಡಿನ ನಿರ್ದೇಶಕನೊಬ್ಬನ ಬದುಕು ಮತ್ತು ಕೃತಿ

ಮುಂಬಯಿಯ ಕನ್ನಡ ಸಭೆಗಳಲ್ಲಿ ಚಲನಚಿತ್ರದ ಪ್ರಸ್ತಾಪ ಬಂದಾಗಲೆಲ್ಲ ‘ಗುರುದತ್ ನಮ್ಮವರು’ ಎಂಬ ಮಾತು ತಪ್ಪದೆ ಕೇಳಿಬರುತ್ತದೆ. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಮನೆತನದ ಹೆಸರು ಕುಂದಾಪುರ ಸೀಮೆಯ ಪಡುಕೋಣೆಯದು. ಇಷ್ಟನ್ನು ಹೆಮ್ಮೆಯಿಂದ ಹೇಳಿ ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ. ಆದರೆ ಅಧ್ಯಯನದ ದೃಷ್ಟಿಯಿಂದ ಈ ಹಕ್ಕು ಅಷ್ಟು ಸರಳವಾದುದಲ್ಲ. ಗುರುದತ್ತರ ಮನೆಮಾತು ಕೊಂಕಣಿ. ಬೆಳೆದದ್ದು ಕಲ್ಕತ್ತೆಯಲ್ಲಿ, ಬಂಗಾಳಿಯ ನಡುವೆ. ಕಸುಬು ಕಲಿತದ್ದು ಪುಣೆಯ ಮರಾಠಿ ಆವರಣದಲ್ಲಿ. ಚಿತ್ರಗಳನ್ನು ಮಾಡಿದ್ದು ಹಿಂದಿ-ಉರ್ದುವಿನಲ್ಲಿ. ಒಂದು ಕನ್ನಡ ಚಿತ್ರವನ್ನೂ ಅವರು ನಿರ್ದೇಶಿಸಲಿಲ್ಲ. ಹಾಗಿರುವಾಗ ಕನ್ನಡದ ವಿದ್ಯಾರ್ಥಿ ಅವರನ್ನು ಯಾವ ನೆಲೆಯಲ್ಲಿ ನಿಂತು ಅಭ್ಯಸಿಸಬೇಕು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಇನ್ನೊಂದು ತೊಡಕೂ ಇದೆ. ಗುರುದತ್ 1964ರಲ್ಲಿ, ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂದಿನಿಂದ ಅವರ ಚಿತ್ರಗಳನ್ನು ಸಾವಿನಿಂದ ಹಿಂದಕ್ಕೆ ಓದುವ ರೂಢಿ ಬೆಳೆದಿದೆ. ‘ಪ್ಯಾಸಾ’ದ ಕವಿಯೂ ಅವರೇ, ‘ಕಾಗಜ್ ಕೆ ಫೂಲ್’ನ ನಿರ್ದೇಶಕನೂ ಅವರೇ ಎಂದು ಒಮ್ಮೆ ನಿಶ್ಚಯಿಸಿಕೊಂಡ ಮೇಲೆ ಚಿತ್ರಗಳನ್ನು ನೋಡುವ ಅಗತ್ಯವೇ ಉಳಿಯುವುದಿಲ್ಲ, ದಂತಕಥೆ ಸಾಕಾಗುತ್ತದೆ. ಈ ಎರಡು ಸರಳೀಕರಣಗಳನ್ನೂ ಬದಿಗಿರಿಸಿ ನೋಡಿದಾಗ ಕಾಣುವ ಗುರುದತ್ ಬೇರೆ. ಯಾವ ಒಂದು ಭಾಷೆಯನ್ನೂ ಪೂರ್ತಿ ತನ್ನದೆಂದು ಹಿಡಿದುಕೊಳ್ಳದ ವಲಸೆಗಾರನೊಬ್ಬ, ವಲಸೆಗಾರರ ನಗರದಲ್ಲಿ ವಲಸೆಗಾರರದೇ ತಂಡವೊಂದನ್ನು ಕಟ್ಟಿ, ಮಾತು ಮಾಡಬೇಕಾದ ಕೆಲಸದ ಬಹುಪಾಲನ್ನು ಬೆಳಕಿಗೂ ಹಾಡಿಗೂ ವಹಿಸಿಕೊಟ್ಟ ಕತೆ ಅದು. ಆ ಬೆಳಕು ಮೈಸೂರಿನಿಂದ ಬಂದ ಒಬ್ಬರ ಕೈಯಲ್ಲಿತ್ತು ಎಂಬುದು ಕನ್ನಡದ ಮಟ್ಟಿಗೆ ಜನ್ಮಸ್ಥಳಕ್ಕಿಂತ ಹೆಚ್ಚಿನ ಸಂಗತಿ.

ತಂದೆ ಶಿವಶಂಕರರಾವ್ ಪಡುಕೋಣೆಯವರು ಪಣಂಬೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ಅನಂತರ ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿದವರು. ತಾಯಿ ವಾಸಂತಿ. ಮೊದಲ ಮಗನಿಗೆ ಇಟ್ಟ ಹೆಸರು ವಸಂತಕುಮಾರ. ಎಳವೆಯಲ್ಲಿ ಸಂಭವಿಸಿದ ಒಂದು ಅವಘಡದ ಬಳಿಕ ಆ ಹೆಸರು ಒಳಿತಲ್ಲವೆಂದು ಬದಲಿಸಿ ಗುರುದತ್ತ ಎಂದು ಕರೆದರು. ಈ ಹೆಸರಿನಿಂದಾಗಿಯೇ ಮುಂದೆ ಬಹುಮಂದಿ ಅವರನ್ನು ‘ದತ್’ ಎಂಬ ಅಡ್ಡಹೆಸರಿನ ಬಂಗಾಳಿಯೆಂದೋ ಪಂಜಾಬಿಯೆಂದೋ ಭಾವಿಸಿದ್ದುಂಟು. ಮನೆತನ ಚಿತ್ರಾಪುರ ಸಾರಸ್ವತರದು. ಕರಾವಳಿಯ ಈ ಸಮಾಜದಲ್ಲಿ ಒಲೆಯ ಮುಂದಿನ ಮಾತು ಕೊಂಕಣಿ, ಶಾಲೆಯ ಮತ್ತು ಬರಹದ ಮಾತು ಕನ್ನಡ. ಮನೆಮಾತು ಬೇರೆಯಾಗಿದ್ದ ಮಾತ್ರಕ್ಕೆ ಒಬ್ಬರು ಕನ್ನಡಕ್ಕೆ ಹೊರಗಿನವರಾಗುವುದಿಲ್ಲವೆಂಬುದಕ್ಕೆ ಪಂಜೆ ಮಂಗೇಶರಾಯರಿಂದ ಗಿರೀಶ ಕಾರ್ನಾಡರವರೆಗೆ ನಿದರ್ಶನಗಳಿವೆ; ಕೊಂಕಣಿಯ ಆಚೆ ನೋಡಿದರೆ ಮರಾಠಿ ಮನೆಮಾತಿನ ಬೇಂದ್ರೆಯವರೇ ಇದ್ದಾರೆ.

ಪಡುಕೋಣೆಯವರ ಮನೆಯಲ್ಲಿ ಬರಹದ ಕನ್ನಡವನ್ನು ಉಳಿಸಿಕೊಂಡವರು ತಾಯಿ. ಚಿಕ್ಕಂದಿನಲ್ಲಿಯೇ ಮದುವೆಯಾಗಿ, ಹದಿಹರೆಯದಲ್ಲಿಯೇ ತಾಯಿಯಾದ ವಾಸಂತಿಯವರು ಸ್ವಂತ ಪ್ರಯತ್ನದಿಂದ ಓದಿ, ಶಾಲೆಯಲ್ಲಿ ಪಾಠ ಹೇಳಿ, ಮನೆಪಾಠಗಳನ್ನು ನಡೆಸಿ ಸಂಸಾರ ತೂಗಿಸಿದರು. ಅದರ ನಡುವೆ ಸಣ್ಣಕತೆಗಳನ್ನು ಬರೆದರು. ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಮಗನ ಮರಣಾನಂತರ ಅವರು ಬರೆದ ‘ನನ್ನ ಮಗ ಗುರುದತ್ತ’ ಎಂಬ ಪುಸ್ತಕವನ್ನು ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ಗುರುದತ್ತರ ಬಾಲ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಬಂದ ಬರಹಗಳೂ ತಾಯಿಯ ನೆನಪುಗಳಿಗೆ ಬಹುಮಟ್ಟಿಗೆ ಋಣಿಯಾಗಿವೆ. ಹಿಂದಿ ಚಿತ್ರರಂಗದ ಹೆಸರಾಂತ ನಿರ್ದೇಶಕನೊಬ್ಬನ ಬಾಲ್ಯಕ್ಕೆ ಕನ್ನಡದಲ್ಲಿ ಇಂಥ ಆಕರವಿದೆ ಎಂಬುದು ನಮ್ಮ ವಿಭಾಗಗಳಲ್ಲಿ ಇನ್ನೂ ಸಾಕಷ್ಟು ಚರ್ಚೆಯಾಗಿಲ್ಲ. ಹೆಂಗಸರ ಆತ್ಮಕಥನಗಳನ್ನು ಅಭ್ಯಸಿಸುವವರಾದರೂ ಇತ್ತ ಕಣ್ಣು ಹಾಯಿಸಬೇಕು.

ತಂದೆಗೆ ಕಲ್ಕತ್ತೆಯ ಬರ್ಮಾ ಶೆಲ್ ಕಂಪೆನಿಯಲ್ಲಿ ಗುಮಾಸ್ತೆಯ ಕೆಲಸ ದೊರೆತು ಸಂಸಾರ ಭವಾನೀಪುರದಲ್ಲಿ ನೆಲೆಸಿತು. ಅಜ್ಜಿ ಸಂಜೆ ಹಚ್ಚಿಡುತ್ತಿದ್ದ ದೀಪದ ಮುಂದೆ ಹುಡುಗ ಬೆರಳುಗಳನ್ನಾಡಿಸಿ ಗೋಡೆಯ ಮೇಲೆ ನೆರಳಿನ ಆಕೃತಿಗಳನ್ನು ಮೂಡಿಸುತ್ತಿದ್ದನೆಂಬ ತಂಗಿ ಲಲಿತಾ ಲಾಜ್ಮಿಯವರ ನೆನಪನ್ನು ಜೀವನಚರಿತ್ರಕಾರರೆಲ್ಲ ಬಳಸಿಕೊಂಡಿದ್ದಾರೆ. ಹಿಂದಿನಿಂದ ನೋಡಿದಾಗ ಇದು ತೀರ ಅರ್ಥಪೂರ್ಣವಾಗಿ ಕಾಣುವುದು ಸಹಜ. ದೀಪದ ಮುಂದೆ ಬೆರಳಾಡಿಸಿದ ಹುಡುಗರೆಲ್ಲ ನಿರ್ದೇಶಕರಾಗಲಿಲ್ಲ ಎಂಬುದನ್ನೂ ಮರೆಯಬಾರದು. ಹೆಚ್ಚು ನಿರ್ಣಾಯಕವಾದದ್ದು ಸಂಬಂಧದಲ್ಲಿ ಮಾವನಾಗಿದ್ದ ಬಿ. ಬಿ. ಬೆನಗಲ್ ಅವರ ಆಸರೆ. ಚಲನಚಿತ್ರಗಳ ದೊಡ್ಡ ಜಾಹೀರಾತು ಫಲಕಗಳನ್ನು ಬರೆಯುತ್ತಿದ್ದ ಅವರು ಹುಡುಗನ ನೃತ್ಯದ ಒಲವನ್ನು ಗುರುತಿಸಿದರು. 1941ರಲ್ಲಿ ಮೆಟ್ರಿಕ್ ಮುಗಿದಾಗ ಕಾಲೇಜಿಗೆ ಕಳಿಸುವ ಅನುಕೂಲ ಮನೆಯಲ್ಲಿರಲಿಲ್ಲ. 1942ರಲ್ಲಿ ಗುರುದತ್ ಅಲ್ಮೋರದ ಉದಯಶಂಕರರ ಕಲಾಕೇಂದ್ರವನ್ನು ಸೇರಿ, ಯುದ್ಧಕಾಲದ ಅಡಚಣೆಗಳಿಂದ ಅದು 1944ರಲ್ಲಿ ಮುಚ್ಚುವವರೆಗೂ ಅಲ್ಲಿದ್ದರು. ದೇಹದ ಚಲನೆಗೂ ತಾಳಕ್ಕೂ ಇರುವ ನಂಟನ್ನು ಅವರು ಅಭ್ಯಸಿಸಿದ್ದು ಇಲ್ಲಿ. ಹಾಡಿನ ಚಿತ್ರಣದಲ್ಲಿ ಅವರಿಗೆ ಮುಂದೆ ಬಂದ ಹಿಡಿತವನ್ನು ಈ ಎರಡು ವರ್ಷಗಳನ್ನು ಬಿಟ್ಟು ವಿವರಿಸಲಾಗದು.

ಕಲ್ಕತ್ತೆಗೆ ಮರಳಿ ಕೆಲವು ಕಾಲ ಲೀವರ್ ಬ್ರದರ್ಸ್ ಕಂಪೆನಿಯಲ್ಲಿ ಟೆಲಿಫೋನ್ ಆಪರೇಟರಾಗಿದ್ದು, ಮಾವನ ನೆರವಿನಿಂದ ಪುಣೆಯ ಪ್ರಭಾತ್ ಫಿಲ್ಮ್ ಕಂಪೆನಿಯಲ್ಲಿ ಮೂರು ವರ್ಷದ ಕರಾರಿನ ಮೇಲೆ ಸೇರಿದರು. ಸಣ್ಣ ಪಾತ್ರ, ನೃತ್ಯ ಸಂಯೋಜನೆ, ಸಹಾಯಕ ನಿರ್ದೇಶನ – ಹೇಳಿದ್ದನ್ನೆಲ್ಲ ಮಾಡಿದರು. 1946ರ ‘ಹಮ್ ಏಕ್ ಹೈ’ ಚಿತ್ರದ ಹೊತ್ತಿಗೆ ಹೊಸಬ ದೇವಾನಂದರ ಪರಿಚಯವಾಯಿತು. ಅಗಸನ ಕೈಯಲ್ಲಿ ಅಂಗಿಗಳು ಅದಲುಬದಲಾದುದರಿಂದ ಬೆಳೆದ ಗೆಳೆತನವದು ಎಂದು ದೇವಾನಂದರು ಅನೇಕ ಸಲ ಹೇಳಿಕೊಂಡಿದ್ದಾರೆ. ತಾನು ನಿರ್ಮಾಪಕನಾದರೆ ನೀನು ನಿರ್ದೇಶಕ, ನೀನು ನಿರ್ದೇಶಕನಾದರೆ ತಾನು ನಾಯಕ ಎಂಬ ಒಪ್ಪಂದ ಅವರಿಬ್ಬರ ನಡುವೆ ಆಯಿತು.

1947ರಲ್ಲಿ ಕರಾರು ಮುಗಿದು ಗುರುದತ್ ಮುಂಬಯಿಗೆ ಬಂದರು. ಮಾಟುಂಗಾದಲ್ಲಿ ಮನೆಯವರೊಡನೆ ಉಳಿದರು. ಸುಮಾರು ಹತ್ತು ತಿಂಗಳು ಕೆಲಸವಿರಲಿಲ್ಲ. ಮುಂಬಯಿಗೆ ಬಂದ ದಕ್ಷಿಣದವರ ಪಾಲಿಗೆ ಮಾಟುಂಗಾ ಏನೆಂಬುದನ್ನು ಇಲ್ಲಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೈಸೂರು ಅಸೋಸಿಯೇಶನ್ ಅಲ್ಲಿಯೇ ಇದೆ. ಕೆನರಾ ಸಾರಸ್ವತರು ಗಾಮದೇವಿಯಲ್ಲಿಯೂ ತಾರದೇವಿನ ತಲ್ಮಕಿವಾಡಿಯಲ್ಲಿಯೂ ವಸತಿಗಳನ್ನು ಕಟ್ಟಿಕೊಂಡು ಒಂದು ತಲೆಮಾರೇ ಕಳೆದಿತ್ತು. ಗುಮಾಸ್ತೆಗಿರಿ, ಬ್ಯಾಂಕು, ಶಾಲೆ – ಈ ಸಮಾಜದ ಹುಡುಗರಿಗೆ ಹಾದಿ ನಿಶ್ಚಿತವಾಗಿತ್ತು. ಆ ಹಾದಿಯನ್ನು ಬಿಟ್ಟವನು ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿರುವ ಅವಮಾನ ಎಂಥದೆಂಬುದು ಊಹಿಸಬಹುದಾದ್ದು. ಆ ತಿಂಗಳುಗಳಲ್ಲಿ ಗುರುದತ್ ಇಂಗ್ಲಿಷಿನಲ್ಲಿ ಕತೆಗಳನ್ನು ಬರೆದು ಪತ್ರಿಕೆಗೆ ಕಳಿಸಲು ಯತ್ನಿಸಿದರು. ‘ಕಶ್‌ಮಕಶ್’ ಎಂಬ ಒಂದು ಕಥಾಹಂದರವನ್ನೂ ಸಿದ್ಧಪಡಿಸಿದರು. ಅದರಲ್ಲಿ ನಾಯಕ ಚಿತ್ರಕಾರ. ಹತ್ತು ವರ್ಷಗಳ ಬಳಿಕ ಅವನೇ ಕವಿಯಾಗಿ ಬದಲಾದಾಗ ‘ಪ್ಯಾಸಾ’ ಆಯಿತು. ಎಂದರೆ ‘ಪ್ಯಾಸಾ’ ಖ್ಯಾತಿಯಿಂದ ಬೇಸತ್ತವನ ಕೃತಿಯಲ್ಲ, ಖ್ಯಾತಿಯ ಬಾಗಿಲನ್ನೇ ಕಾಣದ ಇಪ್ಪತ್ತೆರಡರ ನಿರುದ್ಯೋಗಿಯ ಕಲ್ಪನೆ. ಸಾವಿನಿಂದ ಹಿಂದಕ್ಕೆ ಓದುವವರಿಗೆ ಈ ಕಾಲಗಣನೆ ಅಡ್ಡ ಬರುತ್ತದೆ.

ಅಮಿಯ ಚಕ್ರವರ್ತಿ ಮತ್ತು ಜ್ಞಾನ್ ಮುಖರ್ಜಿಯವರ ಬಳಿ ಸಹಾಯಕರಾಗಿ ದುಡಿದ ಮೇಲೆ, 1951ರಲ್ಲಿ ದೇವಾನಂದರ ನವಕೇತನ ಸಂಸ್ಥೆ ಹಳೆಯ ಮಾತನ್ನು ಉಳಿಸಿಕೊಂಡಿತು. ‘ಬಾಜಿ’ ಗುರುದತ್ತರ ಮೊದಲ ನಿರ್ದೇಶನ. ಕತೆ ಬರೆದವರು ಬಲರಾಜ್ ಸಾಹನಿ. ಹಾಡು ಸಾಹಿರ್ ಲುಧಿಯಾನ್ವಿಯವರದು, ಸಂಗೀತ ಎಸ್. ಡಿ. ಬರ್ಮನ್ನರದು. ಮುಂಬಯಿಯ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಬದ್ರುದ್ದೀನ್ ಕಾಜಿ ಎಂಬ ಇಂದೂರಿನ ತರುಣ ಜಾನಿ ವಾಕರನಾದದ್ದು ಈ ಚಿತ್ರದಿಂದ. ಹಿನ್ನೆಲೆ ಗಾಯಕಿ ಗೀತಾ ರಾಯ್ ಅವರನ್ನು ಗುರುದತ್ ಕಂಡದ್ದು ಇದರ ಧ್ವನಿಮುದ್ರಣದಲ್ಲಿಯೇ. 1953ರ ಮೇ 26ರಂದು ಅವರ ವಿವಾಹವಾಯಿತು.

ಈ ಚಿತ್ರದ ಛಾಯಾಗ್ರಾಹಕ ವಿ. ರಾತ್ರಾ ಅವರ ಕೈಕೆಳಗೆ, ಮಹಾಲಕ್ಷ್ಮಿಯ ಫೇಮಸ್ ಸ್ಟುಡಿಯೋದಲ್ಲಿ ಸಹಾಯಕರಾಗಿ ದುಡಿಯುತ್ತಿದ್ದವರು ವಿ. ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಮೂರ್ತಿ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು, ಪಿಟೀಲು ಬಾರಿಸಬಲ್ಲವರು, ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿದವರು. ‘ಬಾಜಿ’ಯ ಚಿತ್ರೀಕರಣದ ನಡುವೆ ಮೂರ್ತಿ ಒಂದು ಕಠಿನ ಚಲನೆಯ ಶಾಟನ್ನು ಸೂಚಿಸಿದರು, ರಾತ್ರಾ ಅವರ ಒಪ್ಪಿಗೆಯಿಂದ ಅವರೇ ಅದನ್ನು ತೆಗೆದುಕೊಟ್ಟರು. ಮುಂದಿನ ಚಿತ್ರದಿಂದ ನೀವೇ ನನ್ನ ಕ್ಯಾಮೆರಾಮನ್ ಎಂದು ಗುರುದತ್ ಅಂದೇ ತಿಳಿಸಿದರಂತೆ. 1952ರ ‘ಜಾಲ್’ನಿಂದ ಆರಂಭವಾದ ಈ ಜೊತೆ ಗುರುದತ್ತರ ಕೊನೆಯವರೆಗೂ ನಡೆಯಿತು.

‘ಬಾಜಿ’, ‘ಜಾಲ್’, ‘ಆರ್ ಪಾರ್’ಗಳನ್ನು ವಿಮರ್ಶಕರು ಬಹುಕಾಲ ಹಗುರ ಅಪರಾಧ ಚಿತ್ರಗಳೆಂದು ಬದಿಗೆ ಸರಿಸಿದ್ದರು. ಅವುಗಳಲ್ಲಿ ಹಾಲಿವುಡ್ಡಿನ ನೆರಳು ಇದೆ ಎಂಬುದು ಸರಿಯೇ; ‘ಬಾಜಿ’ಯ ಜೂಜುಕಟ್ಟೆ 1946ರ ‘ಗಿಲ್ಡಾ’ ಚಿತ್ರವನ್ನು ನೆನಪಿಗೆ ತರುತ್ತದೆ. ಆದರೆ ಆ ಅಮೆರಿಕನ್ ಚಿತ್ರಪರಂಪರೆಯನ್ನೇ ತುಸು ವಿಚಾರಿಸಿ ನೋಡಬೇಕು. ಮಸುಕು ಬೀದಿ, ಓರೆ ಬೆಳಕು, ನಂಬಲಾಗದ ಒಡನಾಡಿಗಳು – ಈ ಲೋಕವನ್ನು ಹಾಲಿವುಡ್ಡಿನಲ್ಲಿ ಕಟ್ಟಿದವರಲ್ಲಿ ಫ್ರಿಟ್ಸ್ ಲ್ಯಾಂಗ್, ಬಿಲ್ಲಿ ವೈಲ್ಡರ್, ರಾಬರ್ಟ್ ಸಿಯೋಡ್ಮಾಕ್ ಮೊದಲಾದವರು ನಾಜಿಗಳ ಕಾಲದಲ್ಲಿ ಬರ್ಲಿನ್ ಬಿಟ್ಟು ಬಂದವರು. ಹೊಸ ನಗರದಲ್ಲಿ ಹೊಸ ನುಡಿಯನ್ನು ನಾಲಿಗೆಗೆ ಒಗ್ಗಿಸಿಕೊಳ್ಳುತ್ತಿದ್ದವರ ಕಣ್ಣು ಅಲ್ಲಿ ಕೆಲಸ ಮಾಡಿತ್ತು. ವಿಭಜನೆಯ ಬೆನ್ನಿಗೇ ಲಾಹೋರಿನಿಂದ, ಕಲ್ಕತ್ತೆಯಿಂದ, ಮೈಸೂರಿನಿಂದ ಬಂದವರು ಮುಂಬಯಿಯಲ್ಲಿ ಅದೇ ಬಗೆಯ ಚಿತ್ರಗಳನ್ನು ಮಾಡಿದುದನ್ನು ಬರಿಯ ಅನುಕರಣೆಯೆನ್ನುವುದು ಅರ್ಧ ಮಾತು. ಸ್ಥಿತಿಯೇ ಹೋಲುವಂಥದಾಗಿತ್ತು.

1954ರ ‘ಆರ್ ಪಾರ್’ನ ನಾಯಕ ಟ್ಯಾಕ್ಸಿ ಚಾಲಕ. (ಅದಕ್ಕೆ ಹಿಂದಿನ, ಸಮುದ್ರಸಾಹಸದ ‘ಬಾಜ್’ ಸೋತಿತ್ತು, ಗುರುದತ್ ಮೊದಲು ನಾಯಕನಾಗಿ ನಟಿಸಿದ್ದು ಅದರಲ್ಲಿ ಎಂಬುದಷ್ಟೇ ಅದರ ಬಗ್ಗೆ ಹೇಳಬೇಕಾದ್ದು.) ‘ಆರ್ ಪಾರ್’ನ ಸಂಭಾಷಣೆ ಅಬ್ರಾರ್ ಅಲ್ವಿಯವರದು. ಅಲ್ಲಿಯವರೆಗೆ ಹಿಂದಿ ಚಿತ್ರದ ಪಾತ್ರಗಳೆಲ್ಲ ಒಂದೇ ರಂಗಭೂಮಿಯ ಉರ್ದುವನ್ನಾಡುತ್ತಿದ್ದವು. ಅಲ್ವಿ ಅದನ್ನು ಒಡೆದರು. ಪಾತ್ರ ಯಾವ ಸೀಮೆಯದೋ ಯಾವ ಕಸುಬಿನದೋ ಅದರ ಮಾತು ಅದಕ್ಕೆ ಬಂತು. ಕನ್ನಡದಲ್ಲಿ ಶ್ರೀರಂಗ, ಕೈಲಾಸಂ ನಾಟಕದ ಮಾತಿಗೆ ಮಾಡಿದ ಉಪಕಾರವನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ತನ್ನ ಮಾತೃಭಾಷೆಯಲ್ಲದ ಭಾಷೆಯಲ್ಲಿ ಚಿತ್ರ ಮಾಡುವವನಿಗೆ ಆ ಭಾಷೆಯೊಳಗಿನ ಭೇದಗಳು ಹೆಚ್ಚು ಸ್ಪಷ್ಟವಾಗಿ ಕೇಳಿಸುವುದುಂಟು.

ಹಾಡಿನ ವಿಷಯದಲ್ಲಿ ಗುರುದತ್ ಮಾಡಿದ ಬದಲಾವಣೆ ಇನ್ನೂ ಆಳವಾದುದು. ಅಂದಿನ ಪದ್ಧತಿಯಲ್ಲಿ ಹಾಡಿಗೆ ಮುನ್ನ ವಾದ್ಯಗಳ ಪೀಠಿಕೆ ಮೊಳಗುತ್ತಿತ್ತು; ಕತೆ ನಿಂತು ಹಾಡು ಶುರುವಾಗುತ್ತಿತ್ತು. ಗುರುದತ್ ಅನೇಕ ಕಡೆ ಆ ಪೀಠಿಕೆಯನ್ನೇ ಕೈಬಿಟ್ಟರು. ಪಾತ್ರದ ಮಾತು ಮುಗಿಯುವಲ್ಲಿಯೇ ಹಾಡಿನ ಮೊದಲ ಪದ ಹೊರಡುತ್ತದೆ. ಕೆಲವೊಮ್ಮೆ ಮಾತು ಯಾವುದು, ಹಾಡು ಯಾವುದು ಎಂಬ ಗೆರೆಯೇ ಅಳಿಸಿಹೋಗುತ್ತದೆ. ಯಕ್ಷಗಾನದಲ್ಲಿ ಪದ್ಯದಿಂದ ಅರ್ಥಕ್ಕೆ, ಅರ್ಥದಿಂದ ಪದ್ಯಕ್ಕೆ ಸಾಗುವ ಸಲೀಸು ನೆನಪಾದರೆ ತಪ್ಪಿಲ್ಲ. ಆದರೆ ಹುಟ್ಟೂರಿನ ಸೀಮೆಯಿಂದ ಅವರು ಅದನ್ನು ಪಡೆದರೆಂದು ಸಾಧಿಸಲು ಹೊರಡುವುದು ಅಭಿಮಾನದ ಅತಿಯಾದೀತು. ಇದಕ್ಕೆ ಜೊತೆಯಾಗಿ ದೂರದೃಷ್ಟಿಯ ಮಸೂರದಿಂದ ತೆಗೆದ ಕ್ಲೋಸಪ್‌ಗಳಿವೆ. ನೂರು ಮಿಲಿಮೀಟರಿನ ಮಸೂರ ಮುಖವನ್ನು ಹಿನ್ನೆಲೆಯಿಂದ ಬಿಡಿಸಿ ಮುಂದಕ್ಕೆ ತರುತ್ತದೆ. ಚಿತ್ರರಂಗದಲ್ಲಿ ಅದಕ್ಕೆ ‘ಗುರುದತ್ ಶಾಟ್’ ಎಂಬ ಹೆಸರೇ ಬಿತ್ತು. ಭಾವವನ್ನು ತುಟಿಯಲ್ಲಿ ಅಲ್ಲ, ಕಣ್ಣಿನಲ್ಲಿ ಹುಡುಕುವ ಕ್ಯಾಮೆರಾ ಅದು.

1955ರ ‘ಮಿಸ್ಟರ್ ಅಂಡ್ ಮಿಸೆಸ್ 55’ ಜನರಿಗೆ ಬಹಳ ಮೆಚ್ಚಿಗೆಯಾದ ವಿನೋದಚಿತ್ರ. ನಾಯಕ ನಿರುದ್ಯೋಗಿ ವ್ಯಂಗ್ಯಚಿತ್ರಕಾರ. ತೆರೆಯ ಮೇಲಿನ ವ್ಯಂಗ್ಯಚಿತ್ರಗಳನ್ನು ಬರೆದವರು ಮೈಸೂರಿನಿಂದ ಮುಂಬಯಿಗೆ ಬಂದು ನೆಲೆಸಿದ್ದ ಆರ್. ಕೆ. ಲಕ್ಷ್ಮಣ್. ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದ ವರ್ಷವೇ ತೆರೆಕಂಡ ಈ ಚಿತ್ರ ವಿಚ್ಛೇದನದ ಹಕ್ಕನ್ನು ಕೇಳುವ ಹೆಂಗಸರನ್ನು ಗೇಲಿ ಮಾಡುತ್ತದೆ. ಗಂಡನ ಅಡುಗೆಮನೆಯೇ ಸುಖವೆಂದು ಸಾರುತ್ತದೆ. ಸ್ವಂತ ದುಡಿಮೆಯಿಂದ ಸಂಸಾರ ನಡೆಸಿದ ತಾಯಿಯ ಮಗನಿಂದ ಇಂಥ ಚಿತ್ರ ಬಂದುದು ಸೋಜಿಗ. ಗುರುದತ್ತರ ಅಭಿಮಾನಿಗಳು ಹಾಡುಗಳ ಸೊಗಸಿನಲ್ಲಿ ಇದನ್ನು ಮರೆಸುತ್ತಾರೆ, ಮರೆಸಬಾರದು.

‘ಪ್ಯಾಸಾ’ 1957ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ನಾಯಕನ ಪಾತ್ರಕ್ಕೆ ಮೊದಲು ಯೋಚಿಸಿದ್ದು ದಿಲೀಪ್ ಕುಮಾರರನ್ನು. ಅವರು ಬಾರದೆ ಹೋದಾಗ ಗುರುದತ್ ತಾವೇ ಬಣ್ಣ ಹಚ್ಚಿದರು. ಕತೆ ನಡೆಯುವುದು ಕಲ್ಕತ್ತೆಯಲ್ಲಿ. ಕವಿ ವಿಜಯನ ಹಸ್ತಪ್ರತಿಯನ್ನು ಅಣ್ಣಂದಿರು ರದ್ದಿಗೆ ಮಾರುತ್ತಾರೆ. ಅದು ಗುಲಾಬ್ ಎಂಬ ವೇಶ್ಯೆಯ ಕೈ ಸೇರುತ್ತದೆ. ಅವನು ಸತ್ತನೆಂದು ಲೋಕ ನಂಬಿದ ಮೇಲೆ ಅವಳು ಪದ್ಯಗಳನ್ನು ಅಚ್ಚುಮಾಡಿಸುತ್ತಾಳೆ. ಬದುಕಿದ್ದಾಗ ಬಾಗಿಲು ತೆರೆಯದವರೆಲ್ಲ ಸ್ಮರಣಸಭೆ ಏರ್ಪಡಿಸುತ್ತಾರೆ. ಆ ಸಭೆಯ ಬಾಗಿಲಲ್ಲಿ ವಿಜಯ ಬಂದು ನಿಲ್ಲುತ್ತಾನೆ: ಹಿಂದಿನಿಂದ ಬೆಳಕು, ಚಾಚಿದ ಎರಡು ಕೈ, ಮುಖದ ಮೇಲೆ ಕತ್ತಲೆ. ಶಿಲುಬೆಯ ಆಕೃತಿ ಅಲ್ಲಿ ಎಲ್ಲರಿಗೂ ಕಾಣುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು ಚಿತ್ರದ ಮೊದಲ ದೃಶ್ಯ. ಹುಲ್ಲಿನ ಮೇಲೆ ಮಲಗಿದ ಕವಿ ಹೂವಿನಿಂದ ಹೂವಿಗೆ ಹೋಗುವ ದುಂಬಿಯನ್ನು ನೋಡುತ್ತಿದ್ದಾನೆ, ದುಂಬಿ ನೆಲಕ್ಕಿಳಿಯುತ್ತದೆ, ದಾರಿಹೋಕನ ಬೂಟು ಅದನ್ನು ಹೊಸಕಿ ಹೋಗುತ್ತದೆ. ನವೋದಯದ ನಿಸರ್ಗಗೀತೆ ಆರಂಭವಾಗುವಲ್ಲಿಯೇ ಮುಗಿದುಹೋದಂತೆ.

ಕನ್ನಡ ಕಾವ್ಯದ ವಿದ್ಯಾರ್ಥಿಗೆ ಈ ದೃಶ್ಯದ ಕಾಲ ಪರಿಚಿತ. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ 1954ರಲ್ಲಿ, ‘ಭೂಮಿಗೀತ’ 1959ರಲ್ಲಿ ಬಂದವು. ‘ಪ್ಯಾಸಾ’ ಇವೆರಡರ ನಡುವೆ ನಿಲ್ಲುತ್ತದೆ. ಸ್ವಾತಂತ್ರ್ಯದ ನಂತರದ ಭ್ರಮನಿರಸನ ಕನ್ನಡದಲ್ಲಿ ಛಂದಸ್ಸನ್ನು ಮುರಿದು ನವ್ಯವಾಯಿತು. ಮುಂಬಯಿಯಲ್ಲಿ ಅದೇ ಭಾವ ಜನಪ್ರಿಯ ಹಾಡಿನ ಛಂದಸ್ಸಿನೊಳಗೇ ಉಳಿದು ಲಕ್ಷಾಂತರ ಜನರನ್ನು ಮುಟ್ಟಿತು. ವೇಶ್ಯಾವಾಟಿಕೆಯ ಬೀದಿಯಲ್ಲಿ ಕುಡಿದು ತೂರಾಡುತ್ತ ನಾಯಕ ಹಾಡುವ ಹಾಡಿನಲ್ಲಿ, ದೇಶದ ಬಗ್ಗೆ ಹೆಮ್ಮೆ ಪಡುವವರನ್ನು ಸಾಹಿರ್ ನೇರವಾಗಿ ಪ್ರಶ್ನಿಸಿದರು. ಸಾಹಿರರ ಹಿಂದಿನ ಕವಿತೆಯೊಂದನ್ನು ಅದಕ್ಕಾಗಿ ಸರಳಗೊಳಿಸಿದ್ದರು. ನವ್ಯದವರು ಹಾಡನ್ನು ಸಂಶಯದಿಂದ ಕಂಡ ದಶಕದಲ್ಲಿ ಹಾಡು ಇಷ್ಟು ಕಹಿಯನ್ನು ಹೊರಬಲ್ಲದಾಗಿತ್ತು ಎಂಬುದು ತೂಗಿ ನೋಡಬೇಕಾದ ವಿಷಯ. ಚಿತ್ರದ ದೋಷವೂ ಇಲ್ಲಿಯೇ ಇದೆ. ಕವಿಯ ನೋವಿನ ಮುಂದೆ ಹೆಂಗಸರು ಎರಡೇ ಬಗೆ: ಹಣಕ್ಕೆ ಮಾರಿಕೊಂಡ ಮೀನಾ, ಪೂಜಿಸುವ ಗುಲಾಬ್. ದೇಹವನ್ನು ಮಾರುವವಳು ನಿಷ್ಕಳಂಕಳು, ಮದುವೆಯಾದವಳು ಮಾರಿಕೊಂಡವಳು ಎಂಬ ತಿರುವುಮುರುವು ಚುರುಕಾಗಿದೆ, ನಿಜ. ಆದರೆ ಇಬ್ಬರಿಗೂ ಕವಿಯ ಆಚೆಗೆ ಬದುಕಿಲ್ಲ. ವಹೀದಾ ರೆಹಮಾನರ ಕಣ್ಣು ಈ ಕೊರತೆಯನ್ನು ಎಷ್ಟೋ ತುಂಬಿಕೊಟ್ಟಿದೆ.

ಚಿತ್ರ ಗೆದ್ದಿತು. ಆ ಗೆಲುವಿನ ಧೈರ್ಯದಿಂದಲೇ ‘ಕಾಗಜ್ ಕೆ ಫೂಲ್’ ಹುಟ್ಟಿತು. ಹಾಲಿವುಡ್ಡಿನ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ 1953ರಲ್ಲಿ ‘ದಿ ರೋಬ್’ ಚಿತ್ರದಿಂದ ಬಳಕೆಗೆ ತಂದಿದ್ದ ಸಿನೆಮಾಸ್ಕೋಪ್ ತಂತ್ರವನ್ನು ಭಾರತದಲ್ಲಿ ಮೊದಲು ಬಳಸಿದ ಚಿತ್ರ ಇದು, ವರ್ಷ 1959. ಅಗಲ ತೆರೆ ಅಮೆರಿಕೆಯಲ್ಲಿ ಬಂದದ್ದು ರೋಮಿನ ಸೈನ್ಯ, ರಥ, ಜನಸಾಗರಗಳನ್ನು ತೋರಿಸಲು. ಗುರುದತ್ ಮತ್ತು ಮೂರ್ತಿ ಅದನ್ನು ಖಾಲಿ ಜಾಗವನ್ನು ತೋರಿಸಲು ಬಳಸಿದರು. ಚಿತ್ರನಿರ್ದೇಶಕ ಸುರೇಶ ಸಿನ್ಹಾ ಮುಪ್ಪಿನಲ್ಲಿ ತಾನು ಹಿಂದೆ ಆಳಿದ ಸ್ಟುಡಿಯೋಗೆ ಕಾಲಿಟ್ಟಾಗ ತೆರೆಯ ಉದ್ದಗಲ ಅವನನ್ನು ನುಂಗಿಬಿಡುತ್ತದೆ.

ಈ ಚಿತ್ರದ ಒಂದು ಹಾಡಿನಲ್ಲಿ ನಾಯಕ ನಾಯಕಿಯರು ಬರಿದಾದ ಸ್ಟುಡಿಯೋದಲ್ಲಿ ದೂರ ದೂರ ನಿಂತಿದ್ದಾರೆ. ಇಬ್ಬರೂ ತುಟಿ ಅಲ್ಲಾಡಿಸುವುದಿಲ್ಲ. ಗೀತಾ ದತ್ತರ ದನಿ ಮಾತ್ರ ಎಲ್ಲಿಂದಲೋ ಬರುತ್ತದೆ. ಮೇಲಿನಿಂದ ದಪ್ಪನೆಯ ಒಂದು ಬಿಸಿಲುಕೋಲು ನೆಲಕ್ಕೆ ಇಳಿದಿದೆ. ಇಬ್ಬರ ದೇಹಗಳೂ ನಿಂತಲ್ಲಿಯೇ ನಿಂತಿರಲು, ಅವುಗಳಿಂದ ಹೊರಟ ಛಾಯೆಗಳು ಆ ಬೆಳಕಿನಲ್ಲಿ ಕೂಡುತ್ತವೆ. ಈ ಬಿಸಿಲುಕೋಲನ್ನು ತಂದ ಬಗೆಯನ್ನು ಮೂರ್ತಿ ಮುಂದೆ ವಿವರಿಸಿದ್ದಾರೆ. ಸ್ಟುಡಿಯೋ ದೀಪಗಳಿಂದ ಸಮಾಂತರವಾದ ಕಿರಣ ದೊರೆಯುವುದಿಲ್ಲ. ದೀಪದ ಬೆಳಕು ಹರಡಿಕೊಳ್ಳುತ್ತದೆ. ಬೇಕಾದದ್ದು ಸೂರ್ಯನದೇ ಬಿಸಿಲು. ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ, ಒಳಗೆ ಮಾಡಿನ ಹತ್ತಿರದ ಅಟ್ಟಣಿಗೆಯಲ್ಲಿ ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ, ಅಲ್ಲಿಂದ ನೆಲಕ್ಕೆ ಬಿಸಿಲನ್ನು ತಿರುಗಿಸಿ, ಕೋಲು ಕಣ್ಣಿಗೆ ಕಾಣುವಂತೆ ಹೊಗೆ ಹಾಕಿದರು. ಬಿಸಿಲು ಸರಿಯುವುದರೊಳಗೆ ಕೆಲಸ ಮುಗಿಯಬೇಕು. ಭಾರತೀಯ ಚಿತ್ರದ ಅತ್ಯಂತ ‘ಕಾವ್ಯಮಯ’ ಕ್ಷಣವೆಂದು ಕರೆಯಲಾಗುವ ಈ ದೃಶ್ಯದ ಹಿಂದೆ ಇರುವುದು ಎರಡು ಕನ್ನಡಿ, ಸ್ವಲ್ಪ ಹೊಗೆ, ಬಿಸಿಲಿನ ನಡಿಗೆಯನ್ನು ಬಲ್ಲ ಒಬ್ಬ ಕಸುಬುಗಾರ. ಕಾವ್ಯಮೀಮಾಂಸೆಯನ್ನು ಪಾಠ ಮಾಡುವವರು ‘ಪ್ರತಿಭೆ’ಯ ಜೊತೆಗೆ ‘ಅಭ್ಯಾಸ’ವನ್ನೂ ಕಾರಣವೆಂದು ಹೇಳುತ್ತಾರಲ್ಲ, ಅದಕ್ಕೆ ಇಲ್ಲಿಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಚಿತ್ರ ಸೋತಿತು. ಕಾರಣಗಳನ್ನು ಚಿತ್ರದೊಳಗೇ ಕಾಣಬಹುದು. ಸುರೇಶನ ಹೆಂಡತಿಯ ಮನೆಯವರು, ಇಂಗ್ಲಿಷ್ ಠೀವಿಯ ಶ್ರೀಮಂತರು, ಬರಿಯ ವಿಕಟಚಿತ್ರಗಳಾಗಿದ್ದಾರೆ. ಜಾನಿ ವಾಕರನ ವಿನೋದ ಕತೆಯನ್ನು ತಡೆದು ನಿಲ್ಲಿಸುತ್ತದೆ. ಮಗಳಿಗಾಗಿ ನಡೆಯುವ ತಿಕ್ಕಾಟ ಕಣ್ಣೀರಿಗೆ ಜಾರುತ್ತದೆ. ಬಿಲ್ಲಿ ವೈಲ್ಡರರ ‘ಸನ್‌ಸೆಟ್ ಬುಲವಾರ್ಡ್’ 1950ರಲ್ಲಿ ಚಿತ್ರರಂಗದ ನಿರ್ದಯತೆಯನ್ನು ಕಹಿನಗೆಯಿಂದ ತೋರಿಸಿತ್ತು; ಗುರುದತ್ತರಲ್ಲಿ ಆ ನಗೆ ಇಲ್ಲ, ಅನುಕಂಪವೇ ತುಂಬಿದೆ, ಅದರಲ್ಲಿ ಆತ್ಮಾನುಕಂಪದ ಪಾಲೂ ಇದೆ. ಇಷ್ಟಾದರೂ ಕೊನೆಯ ದೃಶ್ಯ ಮರೆಯುವಂಥದಲ್ಲ. ನಿರ್ದೇಶಕನ ಕುರ್ಚಿಯಲ್ಲಿ ಕುಳಿತೇ ಮುದುಕ ಸತ್ತಿದ್ದಾನೆ; ಚಿತ್ರೀಕರಣ ನಿಲ್ಲಬಾರದು, ಹೆಣವನ್ನು ಎತ್ತಿ ಎಂದು ಆಜ್ಞೆಯಾಗುತ್ತದೆ. ಮೂರ್ತಿಯವರಿಗೆ ಈ ಚಿತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಗುರುದತ್ ಆ ಬಳಿಕ ಯಾವ ಚಿತ್ರಕ್ಕೂ ನಿರ್ದೇಶಕನೆಂದು ಹೆಸರು ಹಾಕಿಕೊಳ್ಳಲಿಲ್ಲ.

ಹೆಸರು ಹಾಕಿಕೊಳ್ಳದ ಈ ಐದು ವರ್ಷಗಳು ಸಾಹಿತ್ಯದ ವಿದ್ಯಾರ್ಥಿಗೆ ಕರ್ತೃತ್ವದ ಪ್ರಶ್ನೆಯನ್ನು ಒಡ್ಡುತ್ತವೆ. ಎಂ. ಸಾದಿಕ್ ನಿರ್ದೇಶನದ ‘ಚೌದ್ವೀ ಕಾ ಚಾಂದ್’ (1960) ಹಣ ತಂದು ಸಂಸ್ಥೆಯನ್ನು ಉಳಿಸಿತು. ಬಿಮಲ್ ಮಿತ್ರರ ಬಂಗಾಳಿ ಕಾದಂಬರಿಯನ್ನು ಆಧರಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರಕ್ಕೆ ನಿರ್ದೇಶಕರೆಂದು ಹೆಸರಿರುವುದು ಅಬ್ರಾರ್ ಅಲ್ವಿಯವರದು. ಫಿಲ್ಮ್‌ಫೇರಿನ ನಿರ್ದೇಶನ ಪ್ರಶಸ್ತಿಯೂ ಅವರಿಗೇ ಸಂದಿತು. ಹಾಡುಗಳ ಚಿತ್ರೀಕರಣ ಗುರುದತ್ತರದೆಂದು ಅಲ್ವಿಯವರೂ ಒಪ್ಪಿದ್ದಾರೆ. ಇಡಿಯ ಚಿತ್ರವೇ ಗುರುದತ್ತರದೆಂದು ವಾದಿಸುವವರಿದ್ದಾರೆ. ಈ ವಾದದ ಹಿಂದಿರುವುದು ಕೃತಿಗೆ ಒಬ್ಬನೇ ಕರ್ತೃ ಇರಬೇಕೆಂಬ ಹಂಬಲ. ‘ಆರ್ ಪಾರ್’ನಿಂದಲೂ ಅಲ್ವಿಯವರ ಮಾತು, ಮೂರ್ತಿಯವರ ಬೆಳಕು, ವೈ. ಜಿ. ಚವ್ಹಾಣರ ಸಂಕಲನ ಸೇರಿಯೇ ಗುರುದತ್ ಶೈಲಿಯಾಗಿತ್ತು. ಗುರುದತ್ ಹೆಸರು ಹಿಂತೆಗೆದುಕೊಂಡಾಗ ಆ ಶೈಲಿ ಮಾಯವಾಗಲಿಲ್ಲ, ಕುಮಾರವ್ಯಾಸ ನಿಂತಲ್ಲಿಂದ ಮುಂದುವರಿಸಿದ ತಿಮ್ಮಣ್ಣ ಕವಿಯಂತೆ ತಂಡದೊಳಗೆ ಮತ್ತೊಬ್ಬರ ಹೆಸರಿನಲ್ಲಿ ಮುಂದುವರಿಯಿತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮೀನಾ ಕುಮಾರಿ ಅಭಿನಯಿಸಿದ ಕಿರಿಯ ಸೊಸೆಯ ಪಾತ್ರ. ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲು ಮದ್ಯದ ಬಟ್ಟಲು ಹಿಡಿದು ಅದಕ್ಕೇ ಬಲಿಯಾಗುವ ಅವಳು ಯಾರ ಕವಿತೆಯ ನೆರಳೂ ಅಲ್ಲ. ‘ಮಿಸೆಸ್ 55’ರಿಂದ ಇಲ್ಲಿಗೆ ಏಳು ವರ್ಷ, ಆ ದೂರವನ್ನು ಈ ತಂಡ ಕ್ರಮಿಸಿತು.

ಪಾಲಿ ಹಿಲ್ಲಿನ ಅವರ ಬಂಗಲೆಯನ್ನು 1963ರಲ್ಲಿ ಕೆಡವಲಾಯಿತು. ದಾಂಪತ್ಯ ಮುರಿದಿತ್ತು. 1964ರ ಅಕ್ಟೋಬರ್ 10ರಂದು ಪೆಡ್ಡರ್ ರಸ್ತೆಯ ಬಾಡಿಗೆ ಮನೆಯಲ್ಲಿ ಗುರುದತ್ ಒಬ್ಬರೇ ಮಲಗಿದ್ದಲ್ಲಿಯೇ ತೀರಿಕೊಂಡಿದ್ದರು. ಮದ್ಯದೊಡನೆ ನಿದ್ರೆಯ ಮಾತ್ರೆಗಳು ಸೇರಿದ್ದವು. ಅದು ಬೇಕೆಂದು ಆದದ್ದೋ ಬೇಡದೆ ಆದದ್ದೋ ಎಂಬ ವಿವಾದ ಅಂದಿನಿಂದ ನಡೆದೇ ಇದೆ. ಚಿತ್ರಗಳನ್ನು ಅರಿಯಲು ಆ ಪ್ರಶ್ನೆಯ ಉತ್ತರ ಬೇಕಾಗಿಲ್ಲ. ಅರ್ಧಕ್ಕೆ ನಿಂತ ‘ಬಹಾರೇ ಫಿರ್ ಭೀ ಆಯೇಂಗಿ’ ಚಿತ್ರವನ್ನು ಧರ್ಮೇಂದ್ರರನ್ನು ನಾಯಕನಾಗಿಸಿ 1966ರಲ್ಲಿ ಬಿಡುಗಡೆ ಮಾಡಿದರು. ಗೀತಾ ದತ್ 1972ರ ಜುಲೈಯಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ ನಿಧನರಾದರು. ಖ್ಯಾತಿ ಬಂದದ್ದು ತಡವಾಗಿ. ಅಮೆರಿಕೆಯ ‘ಟೈಮ್’ ಪತ್ರಿಕೆ 2005ರಲ್ಲಿ ಸಾರ್ವಕಾಲಿಕ ನೂರು ಚಿತ್ರಗಳ ಪಟ್ಟಿಗೆ ‘ಪ್ಯಾಸಾ’ವನ್ನು ಸೇರಿಸಿತು, ಅದರ ಪುನರುಜ್ಜೀವಿತ ಪ್ರತಿ 2015ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಸ್ಮರಣಸಭೆಯನ್ನು ಅಣಕಿಸಿದ ಚಿತ್ರಕ್ಕೆ ಸ್ಮರಣಸಭೆಗಳು ನಡೆದವು; 2025 ಅವರ ಜನ್ಮಶತಾಬ್ದದ ವರ್ಷವೂ ಆಗಿತ್ತು.

ಮೂರ್ತಿ ಗುರುದತ್ತರ ಬಳಿಕವೂ ದೀರ್ಘಕಾಲ ದುಡಿದರು. ಗೋವಿಂದ ನಿಹಲಾನಿಯವರ ‘ತಮಸ್’, ಪಡುಕೋಣೆಯವರ ಬಂಧು ಶ್ಯಾಮ್ ಬೆನಗಲ್ಲರ ‘ಭಾರತ್ ಏಕ್ ಖೋಜ್’ ಧಾರಾವಾಹಿಗಳಲ್ಲಿ ಅವರ ಕ್ಯಾಮೆರಾ ಇದೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಹೂವು ಹಣ್ಣು’ (1993) ಚಿತ್ರಕ್ಕೆ ಅವರು ಛಾಯಾಗ್ರಹಣ ಮಾಡಿದರು. ನಲವತ್ತು ವರ್ಷ ಮುಂಬಯಿಯಲ್ಲಿ ಹದಗೊಂಡ ಕೈ ಆಗ ಕನ್ನಡಕ್ಕೆ ಬಂತು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರಾದರು. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮುಂಬಯಿಯಲ್ಲಿ ಬಹುಕಾಲ ಬಾಳಿದ ಕನ್ನಡ ಲೇಖಕಿ ಉಮಾ ರಾವ್ ಅವರ ಬದುಕನ್ನು ಕುರಿತು ಬರೆದ ಪುಸ್ತಕದ ಹೆಸರು ‘ಬಿಸಿಲು ಕೋಲು’. ತಾಯಿಯ ‘ನನ್ನ ಮಗ ಗುರುದತ್ತ’ದ ಜೊತೆಗಿಟ್ಟು ಓದಬೇಕಾದ ಪುಸ್ತಕ ಅದು: ಒಂದರಲ್ಲಿ ಮನೆಯೊಳಗಿನ ಗುರುದತ್ತ, ಇನ್ನೊಂದರಲ್ಲಿ ಸ್ಟುಡಿಯೋದೊಳಗಿನ ಗುರುದತ್. ಎರಡೂ ಕನ್ನಡದಲ್ಲಿವೆ.